ಕಾರು ಮಗುಚಿದಾಗ ತಲೆ ಕಾಯುವ ಕಮಾನು

ಮೇಲ್ಛಾವಣಿಯಿಲ್ಲದ, ಎರಡೇ ಆಸನಗಳಿರುವ, ನೆಲಕ್ಕೆ ಅಂಟಿದಂತೆ ತಗ್ಗಾಗಿ ಕುಳಿತ ಓಟದ ಕಾರಿನ ಚಿತ್ರವನ್ನು ವಾಚಕರು ಎಲ್ಲಿಯಾದರೂ ನೋಡಿಯೇ ಇರುತ್ತಾರೆ. ಅಂಥ ಅನೇಕ ಕಾರುಗಳಲ್ಲಿ ಚಾಲಕನ ಬೆನ್ನ ಹಿಂದೆ, ಅವನ ತಲೆಗಿಂತ ತುಸು ಎತ್ತರಕ್ಕೆ, ಥಳಥಳಿಸುವ ಉಕ್ಕಿನ ಕೊಳವೆಯೊಂದು ಕಮಾನಿನಂತೆ ಬಾಗಿ ನಿಂತಿರುತ್ತದೆ. ನಮ್ಮ ಹಳೆಯ ಕಮಾನುಗಾಡಿಗಳಲ್ಲಿ ಬಿದಿರಿನ ಕಮಾನು ಇರುತ್ತಿದ್ದುದು ಮೇಲಿನ ತಟ್ಟಿಯನ್ನು ಹೊರುವುದಕ್ಕಾಗಿ. ಇಲ್ಲಿಯಾದರೋ ಹೊರುವುದಕ್ಕೆ ತಟ್ಟಿಯೂ ಇಲ್ಲ, ಬಟ್ಟೆಯೂ ಇಲ್ಲ. ಹಾಗಾದರೆ ಈ ಕಮಾನು ಹೊರಬೇಕಾದ ಹೊರೆ ಯಾವುದು?

ಅದು ಹೊರಬೇಕಾದುದು ಇಡೀ ಕಾರನ್ನೇ. ಕಾರು ಮಗುಚಿ ಬೆನ್ನು ಕೆಳಗಾಗಿ ಬಿದ್ದಾಗ, ಒಳಗಿರುವವರ ತಲೆಗೂ ನೆಲಕ್ಕೂ ನಡುವೆ ನಿಲ್ಲುವ ವಸ್ತು ಇದೊಂದೇ. ಇದಕ್ಕೆ ‘ರೋಲ್ ಬಾರ್’ ಎಂದು ಹೆಸರು. ಉರುಳಿದಾಗ ಕಾಯುವ ಸರಳು ಎಂದು ಅರ್ಥ ಮಾಡಬಹುದು. ತಿರುವುಗಳಲ್ಲಿ ಕಾರು ಪಕ್ಕಕ್ಕೆ ವಾಲುವುದನ್ನು ತಗ್ಗಿಸಲು ಎಡಬಲ ಚಕ್ರಗಳ ನಡುವೆ ಅಳವಡಿಸುವ ‘ಆಂಟಿ-ರೋಲ್ ಬಾರ್’ ಬೇರೆಯದೇ ಭಾಗ. ಹೆಸರಿನ ಹೋಲಿಕೆಯಿಂದ ಎರಡನ್ನೂ ಒಂದೆಂದು ತಿಳಿಯಬಾರದು.

ನೋಡುವುದಕ್ಕೆ ಒಂದೇ ಬಗೆಯಾಗಿರುವ ಎರಡು ಕಮಾನುಗಳಲ್ಲಿ ಒಂದು ಹಲವು ಟನ್ನುಗಳ ಹೊರೆಯನ್ನು ತಾಳಬಹುದು. ಇನ್ನೊಂದು ಮೊದಲ ಪೆಟ್ಟಿಗೇ ಮುರುಟಿಕೊಳ್ಳಬಹುದು. ಈ ವ್ಯತ್ಯಾಸ ಎಲ್ಲಿ ಅಡಗಿದೆ ಎಂಬುದನ್ನು ನಾವೀಗ ವಿಚಾರಿಸೋಣ. ವಿಷಯ ಕಾರಿನದಾದರೂ ಬೇಕಾಗುವ ವಿಜ್ಞಾನ ಶಾಲೆಯ ಪುಸ್ತಕದಲ್ಲಿಯೇ ಉಂಟು: ಸನ್ನೆಕೋಲು, ತ್ರಿಕೋನ, ಗುರುತ್ವಕೇಂದ್ರ.

ಪ್ರತಿಕೃತಿ ಕಾರುಗಳು

ಈ ಪ್ರಶ್ನೆ ಬಹಳವಾಗಿ ಎದುರಾಗುವುದು ಹಳೆಯ ಪ್ರಸಿದ್ಧ ಕಾರುಗಳ ಪ್ರತಿಕೃತಿಗಳನ್ನು ಕಟ್ಟುವವರಿಗೆ. ಅವುಗಳಲ್ಲೆಲ್ಲ ಹೆಸರಾದುದು ‘ಕೋಬ್ರಾ’. ಇಂಗ್ಲೆಂಡಿನ ಎ.ಸಿ. ಕಂಪೆನಿ 1953ರಿಂದ ‘ಏಸ್’ ಎಂಬ ಹಗುರವಾದ ತೆರೆದ ಕಾರನ್ನು ತಯಾರಿಸುತ್ತಿತ್ತು. 1959ರಲ್ಲಿ ಲ ಮಾನ್ಸ್ ಪಂದ್ಯವನ್ನು ಗೆದ್ದಿದ್ದ ಅಮೆರಿಕದ ಓಟಗಾರ ಕ್ಯಾರಲ್ ಶೆಲ್ಬಿಗೆ, ಆ ಹಗುರ ಕಾರಿಗೆ ಅಮೆರಿಕದ ಭಾರಿ ಎಂಜಿನನ್ನು ಜೋಡಿಸಿದರೆ ಹೇಗೆ ಎಂಬ ಆಲೋಚನೆ ಬಂತು. ಫೋರ್ಡ್ ಕಂಪೆನಿಯ ಎಂಟು ಸಿಲಿಂಡರುಗಳ ಎಂಜಿನು ಕೂಡಿಕೊಂಡು 1962ರಲ್ಲಿ ಕೋಬ್ರಾ ಹುಟ್ಟಿತು. 1965ರ ಮಾದರಿಯಲ್ಲಿ ಎಂಜಿನಿನ ಗಾತ್ರ 7 ಲೀಟರಿಗೆ ಏರಿತು; ಕಾರಿನ ತೂಕವಾದರೋ ಸುಮಾರು 1,100 ಕಿಲೋಗ್ರಾಂ ಮಾತ್ರ.

ಆ ಕಾಲದಲ್ಲಿ ತಯಾರಾದ ಕೋಬ್ರಾಗಳು ಹೆಚ್ಚು ಕಡಿಮೆ ಒಂದು ಸಾವಿರ. ಅವುಗಳಲ್ಲಿ ಮೊಟ್ಟಮೊದಲನೆಯದು 2016ರ ಹರಾಜಿನಲ್ಲಿ 1 ಕೋಟಿ 37 ಲಕ್ಷ 50 ಸಾವಿರ ಡಾಲರಿಗೆ ಮಾರಾಟವಾಯಿತು. ಸಾಮಾನ್ಯರ ಕೈಗೆ ಎಟುಕದ ವಸ್ತುವಿಗೆ ಪ್ರತಿಕೃತಿಗಳು ಹುಟ್ಟುವುದು ಸಹಜವಷ್ಟೆ. ಬ್ರಿಟನ್, ಅಮೆರಿಕ, ದಕ್ಷಿಣ ಆಫ್ರಿಕ ಮೊದಲಾದ ದೇಶಗಳಲ್ಲಿ ಹವ್ಯಾಸಿಗಳು ಚೌಕಟ್ಟು, ಮೈಹೊದಿಕೆ, ಎಂಜಿನುಗಳನ್ನು ಬಿಡಿಬಿಡಿಯಾಗಿ ಕೊಂಡು ತಮ್ಮ ಷೆಡ್ಡುಗಳಲ್ಲಿಯೇ ಕೋಬ್ರಾದ ಪಡಿಯಚ್ಚನ್ನು ಕಟ್ಟಿಕೊಳ್ಳುತ್ತಾರೆ. ಮೂಲ ಕಾರಿನ ಮೈ ಅಲ್ಯೂಮಿನಿಯಮಿನದು. ಪ್ರತಿಕೃತಿಗಳ ಮೈ ಬಹುಮಟ್ಟಿಗೆ ಗಾಜಿನ ನಾರು ಮತ್ತು ರಾಳಗಳಿಂದಾದ ಫೈಬರ್‌ಗ್ಲಾಸಿನದು. ಈ ಒಂದು ಬದಲಾವಣೆ ನಮ್ಮ ಕಥೆಯಲ್ಲಿ ಮುಂದೆ ಮುಖ್ಯವಾಗಲಿದೆ.

1960ರ ದಶಕದ ಪಂದ್ಯದ ಕೋಬ್ರಾಗಳಲ್ಲಿ ಕಮಾನು ಇದ್ದುದು ಚಾಲಕನ ತಲೆಯ ಹಿಂದೆ ಮಾತ್ರ. ಅಂದಿನ ರೂಪವನ್ನೇ ಬಯಸುವ ಇಂದಿನ ಹವ್ಯಾಸಿಯೂ ಅನೇಕ ವೇಳೆ ಅದನ್ನೇ ನಕಲು ಮಾಡುತ್ತಾನೆ. ಆದರೆ ಪಂದ್ಯದ ಕಾರಿನಲ್ಲಿ ಇರುತ್ತಿದ್ದವನು ಒಬ್ಬನೇ. ಇಂದು ಅದೇ ರೂಪದ ಕಾರಿನ ಪಕ್ಕದ ಆಸನದಲ್ಲಿ ಹೆಂಡತಿಯೋ ಮಗಳೋ ಗೆಳೆಯನೋ ಕುಳಿತಿರುತ್ತಾರೆ. ಓಟದ ಸಂಸ್ಥೆಗಳು ಪಂದ್ಯದ ಕಾರಿನ ಕಮಾನಿಗೆ ಕಟ್ಟುನಿಟ್ಟಾದ ನಿಯಮಗಳನ್ನು ವಿಧಿಸುತ್ತವೆ. ಬರಿಯ ರಸ್ತೆಯಲ್ಲಿ ಓಡಾಡುವ ಕಾರಿಗೆ ಆ ನಿಯಮಗಳ ಕಟ್ಟಿಲ್ಲ. ಅಲ್ಲಿ ಕಟ್ಟುವವನ ತಿಳಿವಳಿಕೆಯೇ ಕಾವಲು.

ಕಾರು ಮಗುಚುವುದೇಕೆ?

ಇಷ್ಟು ತಗ್ಗಾದ ಕಾರು ಮಗುಚುವುದಾದರೂ ಹೇಗೆ ಎಂದು ವಾಚಕರು ಕೇಳಬಹುದು. ಪ್ರಶ್ನೆ ಸಾಧುವಾದುದೇ. ಎಡಬಲ ಚಕ್ರಗಳ ನಡುವಣ ಅಂತರ 1.4 ಮೀಟರ್, ಗುರುತ್ವಕೇಂದ್ರದ ಎತ್ತರ 45 ಸೆಂ.ಮೀ. ಇರುವ ಒಂದು ಕಾರನ್ನು ಕಲ್ಪಿಸಿಕೊಳ್ಳೋಣ. ಅದು ತಿರುವಿನಲ್ಲಿ ಮಗುಚಬೇಕಾದರೆ ಪಕ್ಕದಿಂದ ಬೀಳುವ ಬಲ ಕಾರಿನ ತೂಕದ 70/45 ಪಟ್ಟು, ಎಂದರೆ ಸುಮಾರು ಒಂದೂವರೆ ಪಟ್ಟು ಇರಬೇಕು. ಸಾಮಾನ್ಯ ಟೈರುಗಳು ಒಣ ರಸ್ತೆಯಲ್ಲಿ ಕೊಡಬಲ್ಲ ಹಿಡಿತ ಹೆಚ್ಚೆಂದರೆ ತೂಕದಷ್ಟೇ. ಆದುದರಿಂದ ಸಮತಟ್ಟಾದ ರಸ್ತೆಯಲ್ಲಿ ಇಂಥ ಕಾರು ಮಗುಚುವುದಕ್ಕೆ ಮೊದಲೇ ಜಾರುತ್ತದೆ.

ಅಪಾಯವಿರುವುದು ಜಾರಿದ ಮೇಲೆ. ಅಡ್ಡಡ್ಡಲಾಗಿ ಜಾರುತ್ತಿರುವ ಕಾರಿನ ಚಕ್ರ ರಸ್ತೆಯಂಚಿನ ಕಲ್ಲಿಗೆ ತಾಕಬಹುದು, ಮೆತ್ತನೆಯ ಮಣ್ಣಿನಲ್ಲಿ ಹೂತುಕೊಳ್ಳಬಹುದು, ಚರಂಡಿಗೆ ಇಳಿಯಬಹುದು. ಓಡುತ್ತಿರುವವನ ಕಾಲಿಗೆ ಹೊಸ್ತಿಲು ತಾಕಿದಂತೆ ಆಗ ಕಾರಿನ ಕೆಳಭಾಗ ತಟ್ಟನೆ ನಿಲ್ಲುತ್ತದೆ, ಮೇಲ್ಭಾಗ ಮುಂದುವರಿಯುತ್ತದೆ. ಕೋನೀಯ ಸಂವೇಗದ ನಿಯಮವನ್ನು ಬಲ್ಲ ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು: ನಮ್ಮ ಕಲ್ಪನೆಯ ಕಾರು ಕಲ್ಲಿನಂಚಿಗೆ ಅಡ್ಡಲಾಗಿ ಬಡಿದರೆ ಗಂಟೆಗೆ ಸುಮಾರು 20 ಕಿಲೋಮೀಟರಿನ ಪಕ್ಕದ ವೇಗವೇ ಅದನ್ನು ಮಗುಚಲು ಸಾಕಾಗುತ್ತದೆ. ಸೈಕಲ್ಲನ್ನು ಜೋರಾಗಿ ತುಳಿದಾಗ ಬರುವ ವೇಗವಿದು! ತಗ್ಗಾದ ಕಾರು ಮಗುಚುವುದಿಲ್ಲ ಎಂಬ ನೆಚ್ಚಿಕೆ ಎಷ್ಟು ಪೊಳ್ಳು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಮೂರು ದಿಕ್ಕಿನ ಹೊರೆ

ಕಮಾನಿನ ಕೆಲಸವನ್ನು ಊಹಿಸಿಕೊಳ್ಳುವಾಗ ನಮ್ಮ ಕಣ್ಣ ಮುಂದೆ ಬರುವುದು ತಲೆಕೆಳಗಾಗಿ ಸುಮ್ಮನೆ ಬಿದ್ದಿರುವ ಕಾರು. ಹಾಗಿದ್ದರೆ ಕಮಾನು ಕಾರಿನ ತೂಕದ ಒಂದು ಪಾಲನ್ನಷ್ಟೇ ಹೊತ್ತರೆ ಸಾಕಾಗಿತ್ತು. ನಿಜದಲ್ಲಿ ಕಾರು ಬೀಳುತ್ತದೆ, ಜಾರುತ್ತದೆ, ಮತ್ತೆ ಹೊರಳುತ್ತದೆ. ಓಟದ ಕಾರುಗಳ ಕಮಾನಿಗೆ ಎಫ್.ಐ.ಎ. ಎಂಬ ಅಂತರರಾಷ್ಟ್ರೀಯ ಮೋಟಾರು ಒಕ್ಕೂಟ ಬಹುಕಾಲ ಬಳಸಿದ ಒಂದು ಅಳತೆಗೋಲು ಹೀಗಿತ್ತು: ಮೇಲಿನಿಂದ ತೂಕದ 7.5 ಪಟ್ಟು, ಹಿಂದುಮುಂದಿನ ದಿಕ್ಕಿನಲ್ಲಿ 5.5 ಪಟ್ಟು, ಪಕ್ಕದಿಂದ 1.5 ಪಟ್ಟು. ಇಬ್ಬರು ಕುಳಿತ ಕೋಬ್ರಾದ ತೂಕ 1,250 ಕಿಲೋಗ್ರಾಂ ಎಂದಿಟ್ಟುಕೊಂಡರೆ, ಮೇಲಿನಿಂದ 9 ಟನ್ನಿಗೂ ಮಿಕ್ಕ ಹೊರೆ, ಹಿಂದುಮುಂದಾಗಿ ಸುಮಾರು 7 ಟನ್, ಪಕ್ಕದಿಂದ ಸುಮಾರು 1.9 ಟನ್ ಆಗುತ್ತದೆ. ಇಷ್ಟನ್ನೂ ತಾಳಬೇಕಾದುದು ಮುಂಗೈಗಿಂತ ತೆಳ್ಳಗಿರುವ ಒಂದು ಕೊಳವೆ!

ಹಿಂದುಮುಂದಿನ ಬಲ ಎಷ್ಟು ಘೋರವಾಗಬಲ್ಲದು ಎಂಬುದನ್ನು 2022ರ ಜುಲೈ 3ರಂದು ಲೋಕವೇ ಕಂಡಿತು. ಅಂದು ಬ್ರಿಟನ್ನಿನ ಸಿಲ್ವರ್‌ಸ್ಟನ್ ಪಥದಲ್ಲಿ ಫಾರ್ಮುಲಾ ಒನ್ ಪಂದ್ಯ ಆರಂಭವಾದ ಕೆಲವೇ ಕ್ಷಣಗಳಲ್ಲಿ ಚೀನದ ಓಟಗಾರ ಝೌ ಗ್ವಾನ್ಯೂನ ಕಾರು ಮತ್ತೊಂದರ ಹೊಡೆತಕ್ಕೆ ಸಿಕ್ಕಿ ಮಗುಚಿತು. ತಲೆಕೆಳಗಾಗಿಯೇ ರಸ್ತೆಯ ಮೇಲೆ ಜಾರಿ, ಜಲ್ಲಿಯ ಹಾಸನ್ನು ದಾಟಿ, ಟೈರಿನ ತಡೆಗೋಡೆಯನ್ನು ಹಾರಿ, ಅದರ ಹಿಂದಣ ಬೇಲಿಯ ನಡುವೆ ಸಿಕ್ಕಿಕೊಂಡಿತು. ಅವನ ತಲೆಯ ಹಿಂದಿದ್ದ ಕಮಾನು ನೆಲಕ್ಕೆ ನಾಟಿಕೊಂಡು ಮುರಿದುಹೋಗಿತ್ತು. ಅವನನ್ನು ಉಳಿಸಿದುದು 2018ರಿಂದ ಕಡ್ಡಾಯವಾಗಿದ್ದ ‘ಹೇಲೋ’ ಎಂಬ ಮುಂಗಡೆಯ ರಕ್ಷಾವಲಯ. ಈ ಅನುಭವದಿಂದ 2023ರ ನಿಯಮಗಳು ಬಿಗಿಯಾದವು: ಕಮಾನಿನ ನೆತ್ತಿ ನೆಲದಲ್ಲಿ ನಾಟಿಕೊಳ್ಳದಂತೆ ದುಂಡಗಿರಬೇಕು, ಇನ್ನೂ ಹೆಚ್ಚಿನ ಬಲವನ್ನು ತಾಳಬೇಕು.

ಜಗತ್ತಿನ ಅತ್ಯಂತ ನಿಪುಣ ಎಂಜಿನಿಯರುಗಳ ಕಮಾನೇ ಹೀಗೆ ಮುರಿದರೆ, ಷೆಡ್ಡಿನಲ್ಲಿ ಕಟ್ಟುವವನು ಎಷ್ಟು ಎಚ್ಚರದಿಂದಿರಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಅಂಥವನೊಬ್ಬನ ಪಕ್ಕದಲ್ಲಿ ನಾವು ನಿಂತಿದ್ದೇವೆಂದು ಭಾವಿಸಿ, ಅವನು ಮಾಡಬೇಕಾದ ಆಯ್ಕೆಗಳನ್ನು ಒಂದೊಂದಾಗಿ ನೋಡೋಣ.

ಟೊಳ್ಳಿನ ಬಲ

ಮೊದಲನೆಯದು ಕೊಳವೆಯ ಆಯ್ಕೆ. ಕಮಾನಿಗೆ ಗಟ್ಟಿ ಸರಳಿನ ಬದಲು ಟೊಳ್ಳು ಕೊಳವೆಯನ್ನು ಬಳಸುವುದೇಕೆ? ಬಿದಿರನ್ನು ಕಂಡವರಿಗೆ ಇದರ ಉತ್ತರ ಅರ್ಧ ತಿಳಿದಂತೆಯೇ. ಒಂದು ದಂಡ ಬಾಗುವಾಗ ಅದರ ಒಂದು ಮೈ ಹಿಗ್ಗುತ್ತದೆ, ಎದುರು ಮೈ ಕುಗ್ಗುತ್ತದೆ. ನಟ್ಟನಡುವಿನ ಭಾಗ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಅಲ್ಲಿರುವ ಲೋಹ ಹೆಚ್ಚು ದುಡಿಯದೆ ತೂಕವನ್ನಷ್ಟೇ ಕೂಡಿಸುತ್ತದೆ. ಅದನ್ನು ತೆಗೆದು ಹೊರಸುತ್ತಿಗೆ ಹರಡಿದರೆ ಅಷ್ಟೇ ಲೋಹ ಹೆಚ್ಚು ದುಡಿಯುತ್ತದೆ.

ಅಂಕಿಗಳಲ್ಲಿ ನೋಡೋಣ. ಎಫ್.ಐ.ಎ. ನಿಯಮದಂತೆ ಮುಖ್ಯ ಕಮಾನಿನ ಕೊಳವೆ 45 ಮಿ.ಮೀ. ಹೊರವ್ಯಾಸ ಮತ್ತು 2.5 ಮಿ.ಮೀ. ಗೋಡೆಯ ದಪ್ಪ, ಇಲ್ಲವೆ 50 ಮಿ.ಮೀ. ವ್ಯಾಸ ಮತ್ತು 2 ಮಿ.ಮೀ. ದಪ್ಪ ಉಳ್ಳದ್ದಾಗಿರಬೇಕು; ಇದು ಕನಿಷ್ಠ ಅಳತೆ. ಮೊದಲನೆಯ ಬಗೆಯ ಕೊಳವೆ ಒಂದು ಮೀಟರಿಗೆ ಸುಮಾರು 2.6 ಕಿಲೋಗ್ರಾಂ ತೂಗುತ್ತದೆ. ಅಷ್ಟೇ ತೂಕದ ಗಟ್ಟಿ ಸರಳನ್ನು ಮಾಡಿದರೆ ಅದರ ವ್ಯಾಸ 20.6 ಮಿ.ಮೀ. ಆಗುತ್ತದೆ. ಎರಡರ ಬಾಗುವಿಕೆಯನ್ನೂ ಲೆಕ್ಕ ಹಾಕಿದರೆ ಕೊಳವೆ ಆ ಸರಳಿಗಿಂತ ಸುಮಾರು ನಾಲ್ಕು ಪಟ್ಟು ಬಲವುಳ್ಳದ್ದು, ಎಂಟೂವರೆ ಪಟ್ಟು ಬಿಗುವುಳ್ಳದ್ದು ಎಂದು ತಿಳಿಯುತ್ತದೆ.

ಹಾಗೆಂದು ಗೋಡೆಯನ್ನು ಎಷ್ಟು ಬೇಕಾದರೂ ತೆಳ್ಳಗೆ ಮಾಡಬಹುದೆಂದಲ್ಲ. ಬಹಳ ತೆಳುವಾದ ಕೊಳವೆ ಪಪಾಯಿ ಎಲೆಯ ತೊಟ್ಟಿನಂತೆ, ಬಾಗಿಸಿದೊಡನೆ ಒಂದೆಡೆ ಚಪ್ಪಟೆಯಾಗಿ ಮಡಿಚಿಕೊಳ್ಳುತ್ತದೆ. ಅಲಂಕಾರಕ್ಕಾಗಿಯೇ ಮಾರುವ ಹೊಳಪಿನ ತುಕ್ಕುರಹಿತ ಉಕ್ಕಿನ ಕೆಲವು ಕಮಾನುಗಳ ದೋಷ ಇದೇ. ಆ ಉಕ್ಕು ಜಾತಿಯಿಂದ ದುರ್ಬಲವಲ್ಲ, ಗೋಡೆ ತೆಳು. ಹೊರಗಣ್ಣಿಗೆ ಇದು ಕಾಣದು. ಕೊಳ್ಳುವಾಗ ಗೋಡೆಯ ದಪ್ಪವನ್ನು ಕೇಳಿ, ಕೊಳವೆಯ ತೆರೆದ ತುದಿಯಲ್ಲಿ ಅಳೆದು ನೋಡಬೇಕು. ಮಾರುವವನಿಗೆ ಆ ಸಂಖ್ಯೆ ತಿಳಿಯದಿದ್ದರೆ ಆ ಕಮಾನನ್ನು ಅಲ್ಲಿಯೇ ಬಿಟ್ಟು ಬರುವುದು ಲೇಸು.

ಉಕ್ಕಿನ ಜಾತಿಯನ್ನು ಕುರಿತು ಎರಡು ಮಾತು. ನಿಯಮಗಳು ಕೇಳುವುದು ಹೊಲಿಗೆಯಿಲ್ಲದೆ, ತಣ್ಣಗಿರುವಾಗಲೇ ಎಳೆದು ತಯಾರಿಸಿದ ಸಾಧಾರಣ ಇಂಗಾಲದ ಉಕ್ಕನ್ನು. ಅದು ಚದರ ಮಿಲಿಮೀಟರಿಗೆ ಕನಿಷ್ಠ 350 ನ್ಯೂಟನ್ ಎಳೆತವನ್ನು ತಡೆಯಬೇಕು. ಇದಕ್ಕಿಂತ ಬಲವಾದ ಮಿಶ್ರ ಉಕ್ಕುಗಳೂ ಉಂಟು. ಆದರೆ ಅವುಗಳ ಬೆಸುಗೆಗೆ ಹೆಚ್ಚಿನ ಕೈಚಳಕ ಬೇಕು. ಸಾಧಾರಣ ಉಕ್ಕಿನ ದೊಡ್ಡ ಗುಣವೆಂದರೆ ಅದು ಹಠಾತ್ತನೆ ಮುರಿಯುವುದಿಲ್ಲ. ಬಗ್ಗಿ ಬಗ್ಗಿ ಪೆಟ್ಟಿನ ಶಕ್ತಿಯನ್ನು ನುಂಗುತ್ತದೆ. ಕಮಾನು ತುಸು ಬಗ್ಗಿದರೂ ಚಿಂತೆಯಿಲ್ಲ, ಬಿರಿಯಬಾರದು.

ಕೊಳವೆಯನ್ನು ಬಗ್ಗಿಸುವಾಗಲೂ ನಿಯಮವುಂಟು. ಬಾಗಿನ ತ್ರಿಜ್ಯ ಕೊಳವೆಯ ವ್ಯಾಸದ ಮೂರು ಪಟ್ಟಿಗಿಂತ ಕಡಿಮೆಯಿರಬಾರದು. ಬಾಗಿದ ಎಡೆಯಲ್ಲಿ ಕೊಳವೆ ಸುಕ್ಕುಗಟ್ಟಬಾರದು, ಚಪ್ಪಟೆಯಾಗಬಾರದು. ಮುಖ್ಯ ಕಮಾನು ಒಂದೇ ಕೊಳವೆಯಿಂದಾಗಬೇಕು; ನಡುವೆ ತುಂಡು ಸೇರಿಸಿ ಬೆಸೆಯಲಾಗದು.

ಓರೆಗಾಲಿನ ಮಹಿಮೆ

ಒಳ್ಳೆಯ ಕೊಳವೆ ಸಿಕ್ಕಿತು, ಕಮಾನೂ ಆಯಿತು. ಎರಡು ಕಾಲುಗಳ ಮೇಲೆ ನೆಟ್ಟಗೆ ನಿಲ್ಲಿಸಿದರೆ ಕೆಲಸ ಮುಗಿಯಿತೆ? ಲೆಕ್ಕ ಹಾಕಿ ನೋಡೋಣ. ಕಮಾನು ತನ್ನ ಬುಡದಿಂದ 50 ಸೆಂ.ಮೀ. ಎತ್ತರವಿದೆ ಎನ್ನೋಣ. ಅದರ ನೆತ್ತಿಯನ್ನು ಯಾರೋ ಹಿಂದಕ್ಕೆ ತಳ್ಳಿದರೆ ಎರಡು ಕಾಲುಗಳೂ ಸನ್ನೆಕೋಲಿನಂತೆ ಬುಡದಲ್ಲಿ ಬಾಗಬೇಕು. ಮೇಲೆ ಹೇಳಿದ ಉತ್ತಮ ಕೊಳವೆಯೇ ಆದರೂ, ಎರಡು ಕಾಲುಗಳೂ ಕೂಡಿ ಅರ್ಧ ಟನ್ನಿನ ಆಸುಪಾಸಿನಲ್ಲಿಯೇ ಸೋಲತೊಡಗುತ್ತವೆ. ಬೇಕಾದುದು ಸುಮಾರು 7 ಟನ್. ದೊರೆತದ್ದು ಅರ್ಧ ಟನ್!

ಈ ಕೊರತೆಯನ್ನು ತುಂಬಿಕೊಡುವುದು ತ್ರಿಕೋನ. ಕಮಾನಿನ ಮೇಲ್ಭಾಗದಿಂದ ಹಿಂದಕ್ಕೆ, ಕೆಳಮುಖವಾಗಿ, ಒಂದೊಂದು ಕಡೆಗೂ ಒಂದೊಂದು ನೇರವಾದ ಕೊಳವೆಯನ್ನು ಓರೆಯಾಗಿ ಕೊಡಬೇಕು. ಇವನ್ನು ನಾವು ಓರೆಗಾಲುಗಳೆಂದು ಕರೆಯೋಣ. ಚೌಕಟ್ಟನ್ನು ತಳ್ಳಿದರೆ ಅದು ವಾಲಿ ಮಲಗುತ್ತದೆ. ತ್ರಿಕೋನವಾದರೋ ತನ್ನ ಯಾವುದಾದರೂ ಒಂದು ಭುಜ ಮೋಟಾಗದೆ ಇಲ್ಲವೆ ಉದ್ದವಾಗದೆ ಆಕಾರ ಬದಲಿಸಲಾರದು. ಓರೆಗಾಲು ಇರುವಾಗ ತಳ್ಳುವ ಬಲ ಕೊಳವೆಯನ್ನು ಬಾಗಿಸುವುದಿಲ್ಲ. ಅದರ ಉದ್ದಕ್ಕೂ ಒತ್ತುತ್ತದೆ, ಇಲ್ಲವೆ ಎಳೆಯುತ್ತದೆ. ಉದ್ದಕ್ಕೆ ಎಳೆದಾಗ ಅದೇ 45 ಮಿ.ಮೀ. ಕೊಳವೆ ಸುಮಾರು 12 ಟನ್ ತಾಳುತ್ತದೆ. ಲೋಹ ಬದಲಾಗಲಿಲ್ಲ, ಬಲ ಹರಿಯುವ ದಾರಿ ಬದಲಾಯಿತು, ಅಷ್ಟೆ.

ಓರೆ ಎಷ್ಟಿರಬೇಕು? ಲಂಬದಿಂದ 30 ಡಿಗ್ರಿಗಿಂತ ಕಡಿಮೆ ಕೂಡದು ಎಂದು ನಿಯಮ. ಇದರ ಕಾರಣವನ್ನೂ ತ್ರಿಕೋನಮಿತಿಯೇ ಹೇಳುತ್ತದೆ. 30 ಡಿಗ್ರಿಯಲ್ಲಿ ಓರೆಗಾಲಿನ ಮೇಲೆ ಬೀಳುವ ಬಲ, ತಳ್ಳುವ ಬಲದ ಎರಡು ಪಟ್ಟು. 45 ಡಿಗ್ರಿಯಲ್ಲಿ 1.4 ಪಟ್ಟು, 10 ಡಿಗ್ರಿಯಲ್ಲಾದರೋ ಸುಮಾರು 5.8 ಪಟ್ಟು. ಕಮಾನಿಗೆ ಒತ್ತಿಕೊಂಡಂತೆ ನೆಟ್ಟಗೆ ಇಳಿಯುವ ಓರೆಗಾಲು ಕಣ್ಣಿಗೆ ಅಂದ, ಕೆಲಸಕ್ಕೆ ಮಂದ. ಓರೆಗಾಲನ್ನು ಚೆಲುವಿಗಾಗಿ ಬಾಗಿಸುವುದೂ ತಪ್ಪು. ಬಾಗಿದ ಕೊಳವೆಯನ್ನು ಒತ್ತಿದರೆ ಅದು ಮತ್ತಷ್ಟು ಬಾಗುತ್ತದೆ. ಪಕ್ಕದ ಬಲಕ್ಕಾಗಿ, ಆಸನಗಳ ಹಿಂದೆ ಅಗಲವಾದ ಕಮಾನಿದ್ದರೆ, ಅದರೊಳಗೆ ಮೂಲೆಯಿಂದ ಮೂಲೆಗೆ ಇನ್ನೊಂದು ಕೊಳವೆಯನ್ನು ಕೊಡುವುದುಂಟು. ಅದೂ ತ್ರಿಕೋನವೇ.

ಗುಟ್ಟು ಪಾದದಲ್ಲಿದೆ

ಈಗ ನಾವು ವಿಷಯದ ತಿರುಳಿಗೆ ಬಂದೆವು. ನೆತ್ತಿಗೆ ಬಿದ್ದ ಹೊರೆ ಕಾಲುಗಳಲ್ಲಿ ಇಳಿದು ಪಾದಕ್ಕೆ ಬರುತ್ತದೆ. ಅಲ್ಲಿಂದ ಎಲ್ಲಿಗೆ? ಕಾರಿನ ಎಲುಬುಗೂಡಾದ ಉಕ್ಕಿನ ಚೌಕಟ್ಟಿಗೆ ಹೋಗಬೇಕು. ಕೋಬ್ರಾದಲ್ಲಿ ಉದ್ದಕ್ಕೂ ಹಾಯುವ ಎರಡು ದಪ್ಪ ಕೊಳವೆಗಳೇ ಈ ಚೌಕಟ್ಟಿನ ಬೆನ್ನೆಲುಬು. ಅವು ಆಸನಗಳಿಗಿಂತ ಕೆಳಗೆ, ಮೈಹೊದಿಕೆಯ ಒಳಗೆ ಅಡಗಿವೆ. ಕಮಾನು ಕಾಣಿಸಿಕೊಳ್ಳುವುದಾದರೋ ಮೈಹೊದಿಕೆಯ ಮೇಲೆ. ಕೆಳಗೆ ನಿಜವಾಗಿ ಏನಿದೆ ಎಂಬುದು ನೋಡುವವನಿಗೆ ತಿಳಿಯದು.

ಕೆಲಸ ಸುಲಭವಾಗಲೆಂದು ಕೆಲವರು ಕಮಾನಿನ ಪಾದವನ್ನು ಫೈಬರ್‌ಗ್ಲಾಸ್ ಮೈಗೆ ಬೋಲ್ಟು ಹಾಕಿ ಬಿಗಿದುಬಿಡುತ್ತಾರೆ. ಇದು ಹಪ್ಪಳದ ಮೇಲೆ ಕಂಬ ನೆಟ್ಟಂತೆ. ಕೆಲವೇ ಮಿಲಿಮೀಟರು ದಪ್ಪದ ಆ ಹಾಳೆ ಗಾಳಿಯ ಒತ್ತಡವನ್ನೂ ಮಳೆಯನ್ನೂ ತಡೆಯಬಲ್ಲದು, ಟನ್ನುಗಟ್ಟಲೆ ಹೊರೆಯನ್ನಲ್ಲ. ಕಾರು ಮಗುಚಿದೊಡನೆ ಪಾದ ಹಾಳೆಯನ್ನು ತೂತುಮಾಡಿಕೊಂಡು ಒಳಗಿಳಿಯುತ್ತದೆ. ಕಮಾನು ಮುರಿಯುವುದಿಲ್ಲ, ಬಾಗುವುದೂ ಇಲ್ಲ. ಸುಮ್ಮನೆ ಕೆಳಗೆ ಹೋಗುತ್ತದೆ. ಚಾಲಕನ ತಲೆಗೆ ಅದರಿಂದ ಆದ ಉಪಕಾರ ಶೂನ್ಯ. ಕಮಾನೇ ಇಲ್ಲದಿದ್ದರೆ ಅವನು ಎಚ್ಚರದಿಂದ ಓಡಿಸುತ್ತಿದ್ದನೇನೋ. ಕಾವಲಿದೆ ಎಂಬ ಭ್ರಮೆಯೇ ಇಲ್ಲಿ ಹೆಚ್ಚಿನ ಅಪಾಯ.

ಸರಿಯಾದ ಕ್ರಮ ಹೀಗೆ. ಮೈಹೊದಿಕೆಯಲ್ಲಿ ಸಡಿಲವಾದ ರಂಧ್ರ ಮಾಡಿ, ಕಮಾನಿನ ಕಾಲುಗಳನ್ನಾಗಲಿ ಅವುಗಳನ್ನು ಹೊರುವ ಉಕ್ಕಿನ ಗಟ್ಟಿ ಕಂಬಗಳನ್ನಾಗಲಿ ಅದರ ಮೂಲಕ ಹಾಯಿಸಿ ಚೌಕಟ್ಟಿಗೇ ತಲುಪಿಸಬೇಕು. ರಂಧ್ರದ ಸುತ್ತ ರಬ್ಬರಿನ ಅಂಚು ಕೊಟ್ಟರೆ ನೀರು ಇಳಿಯದು, ಮೈಯೂ ಬಿರುಕು ಬಿಡದು. ಬೋಲ್ಟುಗಳ ಬಿಗಿತದ ನಡುವೆ ಫೈಬರ್‌ಗ್ಲಾಸ್ ಸಿಕ್ಕಿಕೊಳ್ಳಬಾರದು. ಸಿಕ್ಕಿಕೊಂಡರೆ ಅದು ದಿನಕಳೆದಂತೆ ಕುಗ್ಗಿ ಬೋಲ್ಟು ಸಡಿಲವಾಗುತ್ತದೆ. ಹಾಯಲೇಬೇಕಾದಲ್ಲಿ ಬೋಲ್ಟಿನ ಸುತ್ತ ಉಕ್ಕಿನ ಚಿಕ್ಕ ಕೊಳವೆಯನ್ನಿಟ್ಟು, ಬಿಗಿತವೆಲ್ಲ ಉಕ್ಕಿನಿಂದ ಉಕ್ಕಿಗೇ ಹೋಗುವಂತೆ ಮಾಡಬೇಕು.

ಕಮಾನನ್ನು ಬೋಲ್ಟುಗಳಿಂದ ಬಿಗಿಯುವುದಾದರೆ ಎಫ್.ಐ.ಎ. ನಿಯಮ ಮಾರ್ಗದರ್ಶಕವಾಗಿದೆ. ಮುಖ್ಯ ಕಮಾನಿನ ಪ್ರತಿಯೊಂದು ಪಾದದಲ್ಲಿ 8 ಮಿ.ಮೀ. ವ್ಯಾಸದ ಕನಿಷ್ಠ ಮೂರು ಬೋಲ್ಟುಗಳು. ಅಡಿಯಲ್ಲಿ 3 ಮಿ.ಮೀ.ಗೆ ಕಡಿಮೆಯಿಲ್ಲದ ದಪ್ಪದ, 120 ಚದರ ಸೆಂ.ಮೀ. ವಿಸ್ತಾರದ ಉಕ್ಕಿನ ಬಲಫಲಕ. ಓರೆಗಾಲಿನ ಪಾದಕ್ಕೆ ಎರಡು ಬೋಲ್ಟು, 60 ಚದರ ಸೆಂ.ಮೀ. ಫಲಕ. ಬೋಲ್ಟುಗಳ ದರ್ಜೆ 8.8ಕ್ಕೆ ಕಡಿಮೆಯಿರಬಾರದು. ಬೋಲ್ಟಿನ ತಲೆಯ ಮೇಲೆ ಕೆತ್ತಿರುವ ಈ ಸಂಖ್ಯೆಯ ಅರ್ಥವನ್ನು ವಿದ್ಯಾರ್ಥಿಗಳು ತಿಳಿದಿರುವುದು ಒಳ್ಳೆಯದು. ಮೊದಲಿನ 8 ಎಂದರೆ ಚದರ ಮಿಲಿಮೀಟರಿಗೆ 800 ನ್ಯೂಟನ್ ಎಳೆತ ಬಿದ್ದಾಗ ಅದು ತುಂಡಾಗುತ್ತದೆ. ಚುಕ್ಕಿಯ ಮುಂದಿನ 8 ಎಂದರೆ ಅದರ ಶೇಕಡ 80ರಷ್ಟಕ್ಕೆ ಶಾಶ್ವತವಾಗಿ ಹಿಗ್ಗತೊಡಗುತ್ತದೆ. ಈ ಲೆಕ್ಕದಂತೆ 8 ಮಿ.ಮೀ. ಬೋಲ್ಟೊಂದು ಸುಮಾರು 3 ಟನ್ ಎಳೆತವನ್ನು ತಾಳಬಲ್ಲದು. ತಲೆಯ ಮೇಲೆ ಗುರುತೇ ಇಲ್ಲದ ಬೋಲ್ಟು ಬೇಲಿಯ ಗೇಟಿಗೆ ಸಾಕು, ಇಲ್ಲಿಗಲ್ಲ.

ಪರರು ಕಟ್ಟಿದ ಕಾರನ್ನು ಕೊಳ್ಳುವವನು ಮಾಡಬಹುದಾದ ಸುಲಭ ಪರೀಕ್ಷೆಯೊಂದುಂಟು. ಕಮಾನಿನ ನೆತ್ತಿಯನ್ನು ಎರಡು ಕೈಗಳಿಂದ ಹಿಡಿದು ಬಲವಾಗಿ ಹಿಂದುಮುಂದೆ ಅಲುಗಾಡಿಸಬೇಕು. ಇಡೀ ಕಾರು ತನ್ನ ಸ್ಪ್ರಿಂಗುಗಳ ಮೇಲೆ ತೂಗಿದರೆ ಶುಭಸೂಚನೆ. ಕಾರು ಸುಮ್ಮನಿದ್ದು ಪಾದದ ಸುತ್ತಣ ಮೈಹೊದಿಕೆ ಮಾತ್ರ ಉಬ್ಬಿ ತಗ್ಗಿದರೆ ಆ ಕಮಾನು ಬರಿಯ ಒಡವೆ. ಆಮೇಲೆ ಕಾರಿನ ಅಡಿಗೆ ತೂರಿ ಪಾದ ಎಲ್ಲಿ ಮುಗಿಯುತ್ತದೆಂಬುದನ್ನು ಕಣ್ಣಾರೆ ನೋಡಬೇಕು.

ಎತ್ತರವೆಷ್ಟು?

ಕಮಾನು ತಲೆಗಿಂತ ತಗ್ಗಾಗಿದ್ದರೆ ಅದರ ಬಲವೆಲ್ಲ ವ್ಯರ್ಥ. ಇದು ಎಲ್ಲರಿಗೂ ತೋರುವ ಮಾತೆನಿಸಿದರೂ ಚರಿತ್ರೆ ಬೇರೆಯದನ್ನೇ ಹೇಳುತ್ತದೆ. ಫಾರ್ಮುಲಾ ಒನ್ ಪಂದ್ಯಗಳಲ್ಲಿ 1961ರಲ್ಲಿಯೇ ಕಮಾನು ಕಡ್ಡಾಯವಾಯಿತು. ಆದರೆ ಅಂದಿನ ಅನೇಕ ಕಾರುಗಳಲ್ಲಿ ಅದು ಚಾಲಕನ ತಲೆಗಿಂತ ಕೆಳಗೇ ಇತ್ತು. ಸೀಟ್ ಬೆಲ್ಟು ಕಡ್ಡಾಯವಾದುದಂತೂ 1972ರಲ್ಲಿ.

ಇಂದು ಹವ್ಯಾಸಿಗಳು ಅನುಸರಿಸುವ ಅಳತೆ, ಶಿರಸ್ತ್ರಾಣ ಧರಿಸಿ ಕುಳಿತ ಚಾಲಕನ ನೆತ್ತಿಗಿಂತ ಕನಿಷ್ಠ 5 ಸೆಂ.ಮೀ. ಎತ್ತರ. ಇದರ ಜೊತೆಗೆ ಕೋಲಿನ ಪರೀಕ್ಷೆಯೂ ಉಂಟು. ಕಮಾನಿನ ನೆತ್ತಿಯಿಂದ ಕಾರಿನ ಮುಂಭಾಗದ ಯಾವುದಾದರೂ ಗಟ್ಟಿ ಭಾಗಕ್ಕೆ ಉದ್ದನೆಯ ನೇರವಾದ ಕೋಲನ್ನು ಇಡಬೇಕು. ಕುಳಿತವನ ತಲೆ ಪೂರ್ತಿ ಆ ಕೋಲಿನ ಕೆಳಗಿರಬೇಕು. ಮಗುಚಿದ ಕಾರು ಊರಿಕೊಳ್ಳುವುದು ಈ ಎರಡು ಬಿಂದುಗಳ ಮೇಲೆ. ಕೋಲೇ ಆಗ ನೆಲ. ಮುಂದಿನ ಗಾಜಿನ ಚೌಕಟ್ಟನ್ನು ಗಟ್ಟಿ ಭಾಗವೆಂದು ಎಣಿಸಬಾರದು. ಕೋಬ್ರಾದ ಆ ಚೌಕಟ್ಟು ಗಾಳಿ ತಡೆಯಲು ನಿಂತದ್ದೇ ಹೊರತು ಕಾರನ್ನು ಹೊರಲು ಅಲ್ಲ.

ಎತ್ತರದ ಕಮಾನು ಕಾರಿನ ಅಂದ ಕೆಡಿಸುತ್ತದೆಂದು ಹಿಂಜರಿಯುವವರುಂಟು. ಅವರಿಗೆ ಒಂದು ಉಪಾಯವಿದೆ: ಆಸನವನ್ನು ತಗ್ಗಿಸುವುದು. ಕುಳಿತವನು 4 ಸೆಂ.ಮೀ. ಕೆಳಗಿಳಿದರೆ ಕಮಾನು 4 ಸೆಂ.ಮೀ. ಬೆಳೆದಂತೆಯೇ ಸರಿ. ಇನ್ನು ಪಕ್ಕದ ಆಸನದ ಮಾತು. ಅಲ್ಲಿ ಯಾರಾದರೂ ಕುಳಿತುಕೊಳ್ಳುವುದಾದರೆ ಅವರ ತಲೆಯ ಹಿಂದೆಯೂ ಕಮಾನು ಇರಲೇಬೇಕು. ಎರಡು ಬಿಡಿ ಕಮಾನುಗಳಾಗಲಿ, ಅಗಲವಾದ ಒಂದಾಗಲಿ ಆಗಬಹುದು. ಮೂಲ ಕಾರಿನಲ್ಲಿ ಹಾಗಿರಲಿಲ್ಲ ಎಂಬ ಆಕ್ಷೇಪಕ್ಕೆ ಉತ್ತರ ಸುಲಭ: ಪ್ರತಿಕೃತಿ ರೂಪವನ್ನು ಅನುಕರಿಸಲಿ, ಅಪಾಯವನ್ನಲ್ಲ.

ಕಾಯುವುದೇ ಕೊಲ್ಲಬಾರದು

ಓಟದ ಪಥದಲ್ಲಿ ಶಿರಸ್ತ್ರಾಣವಿರುತ್ತದೆ. ಊರ ರಸ್ತೆಯಲ್ಲಿ ತಲೆ ಬರಿದು. ಹಿಂದಿನಿಂದ ಬಂದ ವಾಹನ ಡಿಕ್ಕಿ ಹೊಡೆದರೆ ಚಾಲಕನ ತಲೆ ಹಿಂದಕ್ಕೆ ಚಿಮ್ಮುತ್ತದೆ. ಅಲ್ಲಿ ಉಕ್ಕಿನ ಕೊಳವೆ ಇದ್ದರೆ, ಕಾರು ಮಗುಚದೆಯೇ ಪ್ರಾಣಕ್ಕೆ ಎರವಾಗಬಹುದು. ಆದುದರಿಂದ ತಲೆಗೆ ತಾಕಬಹುದಾದ ಎಡೆಯಲ್ಲೆಲ್ಲ ಮೆತ್ತೆ ಸುತ್ತಬೇಕು. ಆಸನಕ್ಕೆ ತಲೆಯಾಸರೆ ಇರಬೇಕು. ಮೆತ್ತೆ ಹತ್ತಿಯಷ್ಟು ಮೃದುವಾಗಿದ್ದರೆ ತಲೆ ಅದನ್ನು ತಳಕ್ಕೆ ಒತ್ತಿ ಉಕ್ಕಿಗೇ ಬಡಿಯುತ್ತದೆ. ಬೆರಳಿನಿಂದ ಒತ್ತಿದರೆ ಗಡುಸೆನಿಸುವ, ಇದಕ್ಕೆಂದೇ ತಯಾರಾದ ದಟ್ಟ ನೊರೆಯ ಮೆತ್ತೆ ಬೇಕು.

ಸೀಟ್ ಬೆಲ್ಟಿಲ್ಲದ ಕಮಾನು ಅರ್ಧ ಕೆಲಸ. ಮಗುಚಿದ ಕಾರಿನಲ್ಲಿ ದೇಹವನ್ನು ಆಸನದಲ್ಲಿ ಹಿಡಿದಿಡುವುದು ಬೆಲ್ಟು; ಅದು ಇಲ್ಲದಿದ್ದರೆ ಮನುಷ್ಯ ಕಮಾನಿನ ಕಾವಲಿನಿಂದಲೇ ಹೊರಗೆ ಬೀಳುತ್ತಾನೆ. ಹೆಗಲಿನ ಪಟ್ಟಿಗಳು ಹೆಗಲಿನ ಮಟ್ಟದಿಂದ ಹೆಚ್ಚುಕಡಿಮೆ ಅಡ್ಡಲಾಗಿ ಹಿಂದಕ್ಕೆ ಹೋಗಬೇಕು. ಕಡಿದಾಗಿ ಕೆಳಗಿಳಿದರೆ ಡಿಕ್ಕಿಯ ಹೊತ್ತಿನಲ್ಲಿ ಅವು ಬೆನ್ನುಮೂಳೆಯನ್ನು ಮೇಲಿನಿಂದ ಅದುಮುತ್ತವೆ. ಪಟ್ಟಿ ಕಟ್ಟಲು ಕಮಾನಿನಲ್ಲಿ ತೂತು ಕೊರೆಯಬಾರದು. ಪ್ರತಿ ತೂತಿನ ಅಂಚಿನಲ್ಲಿಯೂ ಒತ್ತಡ ಒಟ್ಟುಗೂಡಿ ಬಿರುಕಿಗೆ ಬೀಜವಾಗುತ್ತದೆ. ಆಸನದ ಹಿಂದೆ ಹೆಗಲಿನ ಎತ್ತರದಲ್ಲಿ ಬೇರೆಯೇ ಅಡ್ಡಕೊಳವೆಯನ್ನು ಬೆಸೆಯುವುದು ಯುಕ್ತ.

ಕೂರಿಸುವ ಕ್ರಮ

ಕೆಲಸಗಾರನ ಮೊದಲ ಉಪಕರಣ ಬೆಸುಗೆಯ ಯಂತ್ರವಲ್ಲ, ರಟ್ಟಿನ ಹಾಳೆ. ಚಾಲಕನನ್ನು ಬೆಲ್ಟು ಬಿಗಿದು ಕೂರಿಸಿ, ರಟ್ಟಿನಿಂದಲೋ ಹಗುರ ಪ್ಲಾಸ್ಟಿಕ್ ಕೊಳವೆಯಿಂದಲೋ ಕಮಾನಿನ ಮಾದರಿಯನ್ನು ಮಾಡಿ ಎತ್ತರ, ಅಗಲಗಳನ್ನು ನಿಶ್ಚಯಿಸಬೇಕು. ಪಾದಗಳು ಇಳಿಯುವ ಎಡೆಯಲ್ಲಿ ಚೌಕಟ್ಟು ನಿಜವಾಗಿಯೂ ಇದೆಯೇ ಎಂದು ನೋಡಬೇಕು. ಇಲ್ಲವಾದರೆ ಮುಖ್ಯ ಕೊಳವೆಗಳಿಂದ ಕವಲು ತೆಗೆದು ಅಲ್ಲಿಗೆ ಚೌಕಟ್ಟನ್ನೇ ತರಬೇಕು.

ಕೊರೆಯುವ ಮುನ್ನ ಹಿಂಬದಿಯಲ್ಲಿ ಏನಿದೆ ಎಂಬುದನ್ನು ಅರಿಯದೆ ಕೈಹಾಕಬಾರದು. ಕೋಬ್ರಾದಲ್ಲಿ ಪೆಟ್ರೋಲು ತೊಟ್ಟಿ ಇರುವುದು ಹಿಂಭಾಗದಲ್ಲಿಯೇ, ಓರೆಗಾಲುಗಳು ಇಳಿಯುವ ನೆರೆಯಲ್ಲಿ. ಬೆಸುಗೆಗೆ ಮೊದಲು ತೊಟ್ಟಿಯನ್ನೂ ಪೆಟ್ರೋಲಿನ ಕೊಳವೆಗಳನ್ನೂ ಕಳಚಿ ದೂರ ಸಾಗಿಸಬೇಕು. ಬರಿದಾದ ತೊಟ್ಟಿಯಲ್ಲಿ ಉಳಿಯುವ ಆವಿ ತುಂಬಿದ ತೊಟ್ಟಿಗಿಂತ ಭಯಂಕರ. ಫೈಬರ್‌ಗ್ಲಾಸ್ ಕೂಡ ಹೊತ್ತಿಕೊಳ್ಳುವ ವಸ್ತು. ಸಾಧ್ಯವಾದರೆ ಮೈಹೊದಿಕೆಯನ್ನೇ ಎತ್ತಿಡಬೇಕು. ಬೆಸುಗೆ ಕೊಳವೆಯ ಸುತ್ತಲೂ ಪೂರ್ತಿಯಾಗಿ ಬರಬೇಕು. ಸ್ವಂತ ಕೈಯಲ್ಲಿ ನಂಬಿಕೆಯಿಲ್ಲದವನು ಈ ಒಂದು ಕೆಲಸವನ್ನು ನುರಿತವನಿಗೆ ಒಪ್ಪಿಸಲು ನಾಚಬೇಕಾಗಿಲ್ಲ.

ಕಮಾನಿಗೆ ಕ್ರೋಮಿಯಂ ಲೇಪವೋ ಬಣ್ಣವೋ? ಬಣ್ಣವೇ ಮೇಲು. ಲೇಪದ ದ್ರಾವಣದಲ್ಲಿ ಹುಟ್ಟುವ ಹೈಡ್ರೋಜನ್ ಅನಿಲ ಹೆಚ್ಚು ಬಲದ ಉಕ್ಕಿನೊಳಗೆ ಹೊಕ್ಕು ಅದನ್ನು ಪೆಡಸಾಗಿಸಬಲ್ಲದು. ಲೇಪದ ಕೆಳಗೆ ಬಿರುಕು ಹುಟ್ಟಿದರೆ ಕಾಣುವುದೂ ಇಲ್ಲ. ಕೊನೆಯಲ್ಲಿ ಬೋಲ್ಟುಗಳನ್ನು ಅಳತೆಯ ಸ್ಪ್ಯಾನರಿನಿಂದ ಬಿಗಿದು, ಬೋಲ್ಟಿನ ತಲೆಗೂ ಫಲಕಕ್ಕೂ ಸೇರುವಂತೆ ಬಣ್ಣದ ಗೆರೆ ಎಳೆದಿಡಬೇಕು. ಕೆಲವು ನೂರು ಕಿಲೋಮೀಟರು ಓಡಿದ ಮೇಲೆ ಗೆರೆ ತುಂಡಾಗಿ ಕಂಡರೆ ಬೋಲ್ಟು ಸಡಿಲಾಗಿದೆಯೆಂದು ತಿಳಿಯಬಹುದು. ಒಮ್ಮೆ ಮಗುಚಿದ ಕಾರಿನ ಕಮಾನನ್ನು ಎಷ್ಟೇ ನೆಟ್ಟಗೆ ಕಂಡರೂ ಮತ್ತೆ ಬಳಸಕೂಡದು. ಅದು ತನ್ನ ಕೆಲಸವನ್ನು ಮಾಡಿ ಮುಗಿಸಿದೆ.

ಇದೆಲ್ಲ ದೂರದ ದೇಶದ ಶ್ರೀಮಂತರ ಹವ್ಯಾಸವೆಂದು ವಾಚಕರು ತಿಳಿಯಬೇಕಾಗಿಲ್ಲ. ಹೊಲದಲ್ಲಿ ದುಡಿಯುವ ಟ್ರ್ಯಾಕ್ಟರೂ ಬದುವಿನ ಮೇಲೆ, ಕಾಲುವೆಯ ಅಂಚಿನಲ್ಲಿ ಮಗುಚುತ್ತದೆ. ಸ್ವೀಡನ್ ದೇಶ 1959ರಲ್ಲಿಯೇ ಹೊಸ ಟ್ರ್ಯಾಕ್ಟರುಗಳಿಗೆಲ್ಲ ಇಂಥ ರಕ್ಷಾಚೌಕಟ್ಟನ್ನು ಕಡ್ಡಾಯಮಾಡಿ ಅನೇಕ ರೈತರ ಪ್ರಾಣ ಉಳಿಸಿತು. ಅಲ್ಲಿಯೂ ಇದೇ ಕೊಳವೆ, ಇದೇ ತ್ರಿಕೋನ, ಇದೇ ಪಾದ. ಇನ್ನು ಮುಂದೆ ತಲೆಯ ಹಿಂದೆ ಕಮಾನಿರುವ ಯಾವ ವಾಹನವನ್ನು ಕಂಡರೂ ನಾವು ಅದರ ಹೊಳಪನ್ನು ಮೆಚ್ಚಿ ಮುಂದೆ ಹೋಗದಿರೋಣ. ಬಗ್ಗಿ, ಅದರ ಪಾದ ಎಲ್ಲಿ ಊರಿದೆ ಎಂದು ನೋಡೋಣ.